ತೋಟದ ಓಣಿಯ ಗೀರುಗಳು

ತಿಪಟೂರು ಸೀಮೆಯ ಬಿಳಿಗೆರೆಯ ಸುತ್ತಮುತ್ತ ಡಾಂಬರು ಬಿಟ್ಟು ತೋಟದ ಕಡೆ ತಿರುಗಿದರೆ ಎದುರಾಗುವ ಓಣಿಗಳು ಎತ್ತಿನಗಾಡಿಯ ಕಾಲದವು. ಎರಡೂ ಬದಿಗೆ ಬೇಲಿ. ಬೇಲಿಯ ಮೇಲೆ ಲಂಟಾನ, ಸೀಗೆಮೆಳೆ, ನಡುನಡುವೆ ಕತ್ತಾಳೆ. ಎತ್ತಿನಗಾಡಿಗೆ ಸಾಕಾಗಿದ್ದ ಜಾಗದಲ್ಲಿ ಈಗ ಕಾರು ನುಗ್ಗಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಬೇಲಿ ಕೊಬ್ಬಿ ಎರಡೂ ಕಡೆಯಿಂದ ಬಾಗಿಲಿಗೆ ಒರಗುತ್ತದೆ. ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಹೆಡ್‌ಲೈಟಿನಿಂದ ಹಿಂದಿನ ಚಕ್ರದವರೆಗೆ ಬೆಳ್ಳನೆಯ ಗೆರೆಗಳು ಎದ್ದಿರುತ್ತವೆ.

ಇಂಥ ಗೀರು ಕಂಡೊಡನೆ ನಮ್ಮ ಕಡೆ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಸೀದಾ ಟಿಂಕರಿಂಗ್ ಅಂಗಡಿಗೆ ಹೋಗಿ ಬಾಗಿಲಿಗೆ ಪೂರ್ತಿ ಬಣ್ಣ ಹೊಡೆಸುತ್ತಾರೆ. ಕೆಲವರು ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತಾರೆ. ಬಹುಪಾಲು ಗೀರುಗಳಿಗೆ ಈ ಎರಡೂ ಬೇಕಿಲ್ಲ.

ಕಾರಿನ ಮೈಮೇಲಿರುವುದು ಒಂದೇ ಬಣ್ಣವಲ್ಲ. ತಗಡಿಗೆ ಅಂಟಿಕೊಂಡು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಮೈಕ್ರಾನ್. ಕ್ಲಿಯರ್ ಕೋಟ್ ಒಂದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್; ತಲೆಗೂದಲಿಗಿಂತ ತೆಳು. ಬೇಲಿಯ ಕಡ್ಡಿ ಗೀರುವುದು ಹೆಚ್ಚಾಗಿ ಈ ಪದರವನ್ನಷ್ಟೇ. ಗೀರಿನ ಅಂಚುಗಳಲ್ಲಿ ಬೆಳಕು ಚದುರುವುದರಿಂದ ಅದು ಬೆಳ್ಳಗೆ ಕಾಣುತ್ತದೆ, ಒಳಗಿನ ಬಣ್ಣ ಹಾಗೇ ಇರುತ್ತದೆ.

ಪರೀಕ್ಷೆ ಸುಲಭ. ಗೀರಿನ ಮೇಲೆ ನೀರು ಚಿಮುಕಿಸಿ. ಒದ್ದೆಯಿರುವಾಗ ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಅದು ಮೇಲುಮೇಲಿನದು. ಆಮೇಲೆ ಉಗುರನ್ನು ಅಡ್ಡಡ್ಡ ಆಡಿಸಿ. ಉಗುರು ಸಿಕ್ಕಿಹಾಕಿಕೊಳ್ಳದೆ ಜಾರಿದರೆ ಕೈಯಲ್ಲೇ ತೆಗೆಯಬಹುದು. ಸಿಕ್ಕಿಕೊಂಡರೆ ಉಜ್ಜಿ ಪ್ರಯೋಜನವಿಲ್ಲ. ಬೂದು ಪ್ರೈಮರೋ ತಗಡೋ ಕಂಡರಂತೂ ತುಕ್ಕು ಹಿಡಿಯುವ ಮುನ್ನ ಟಚ್‌ಅಪ್ ಬಣ್ಣ ಮುಟ್ಟಿಸಬೇಕು. ನಿಮ್ಮ ಕಾರಿನ ಬಣ್ಣದ ಸಂಖ್ಯೆ ಸಾಮಾನ್ಯವಾಗಿ ಬಾನೆಟ್ ಒಳಗಿನ ಅಥವಾ ಬಾಗಿಲ ಕಂಬದ ಫಲಕದಲ್ಲಿ ಇರುತ್ತದೆ.

ಗೀರಿನಂತೆ ಕಂಡರೂ ಗೀರಲ್ಲದ್ದು ಇನ್ನೊಂದಿದೆ. ಗೇಟಿನ ಕಂಬದ ಸುಣ್ಣ, ಕಾಂಪೌಂಡ್ ಗೋಡೆಯ ಬಣ್ಣ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಪಕ್ಕದ ಬೈಕಿನ ಹ್ಯಾಂಡಲ್ ಉಜ್ಜಿದ ಕಪ್ಪು. ಇವು ನಮ್ಮ ಬಣ್ಣದ ಮೇಲೆ ಬಂದು ಕೂತವು. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಮೆತ್ತಗೆ ಒರೆಸಿದರೆ ಎಷ್ಟೋ ಕಲೆ ಎದ್ದು ಬರುತ್ತದೆ. ಆ ಜಾಗವನ್ನು ಕೂಡಲೇ ಶಾಂಪೂ ನೀರಿನಲ್ಲಿ ತೊಳೆಯಬೇಕು. ಥಿನ್ನರ್ ಮಾತ್ರ ಮುಟ್ಟಬೇಡಿ, ಅದು ನಿಮ್ಮ ಬಣ್ಣವನ್ನೇ ಕರಗಿಸೀತು.

ಈಗ ತೆಗೆಯುವ ಬಗೆ. ಕಾರು ನೆರಳಿನಲ್ಲಿರಬೇಕು, ಮೈ ತಣ್ಣಗಿರಬೇಕು. ಮೊದಲು ಧಾರಾಳ ನೀರು ಬಿಟ್ಟು ಧೂಳು ಇಳಿಸಿ. ಓಣಿಯ ಮಣ್ಣಿನಲ್ಲಿ ಮರಳಿನ ಕಣ ಇರುತ್ತದೆ; ಒಣ ಬಟ್ಟೆಯಲ್ಲಿ ಒರೆಸಿದರೆ ಒಂದು ಗೀರಿನ ಜಾಗದಲ್ಲಿ ನೂರು ಏಳುತ್ತವೆ. ಪಾತ್ರೆ ಉಜ್ಜುವ ತೆಂಗಿನ ನಾರನ್ನು ಕಾರಿನ ಹತ್ತಿರವೂ ತರಬಾರದು. ಕೆರೆಯ ಮಣ್ಣು ಹೋಗಲೆಂದು ನಾರಿನಲ್ಲಿ ತಿಕ್ಕಿಸಿಕೊಂಡ ಕಾರುಗಳನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೈತುಂಬ ಸುತ್ತುಸುತ್ತಿನ ಗೆರೆಗಳು. ಬೋರ್‌ವೆಲ್ಲಿನ ಗಡಸು ನೀರು ಹಾಗೇ ಆರಿದರೆ ಸುಣ್ಣದ ಚುಕ್ಕಿ ಉಳಿಯುತ್ತದೆ, ಆದ್ದರಿಂದ ತೊಳೆದ ಕೂಡಲೇ ಒರೆಸಬೇಕು.

ಆಮೇಲೆ ಪಕ್ಕದ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಟೇಪು ಅಂಟಿಸಿ. ಗೀರು ಉಜ್ಜಲು ಬಳಸುವ ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ತಗುಲಿದರೆ ಅಲ್ಲಿ ಬಿಳಿ ಕಲೆ ನಿಲ್ಲುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ಅವರೆಕಾಳಿನಷ್ಟು ನಯವಾದ ಕಾಂಪೌಂಡ್ ಸಾಕು. ಅಂಗೈಯಗಲದ ಜಾಗ ಹಿಡಿದು, ಹದವಾಗಿ ಒತ್ತಿ, ಒಂದಷ್ಟು ಹೊತ್ತು ಉಜ್ಜಿ, ಒರೆಸಿ ನೋಡಿ. ಗೀರು ಮಸುಕಾಗಿದ್ದರೆ ಮತ್ತೊಮ್ಮೆ. ಬಾಗಿಲ ಅಂಚು, ಮೈಯ ಮಡಿಕೆ ಬಂದಲ್ಲಿ ಕೈ ಹಗುರವಿರಲಿ, ಅಲ್ಲಿ ಪದರ ಇನ್ನೂ ತೆಳು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ನಿಲ್ಲಿಸಿ: ಒಂದೋ ಆ ಕಾರಿಗೆ ಕ್ಲಿಯರ್ ಕೋಟ್ ಇಲ್ಲ, ಇಲ್ಲವೇ ನೀವು ಅದನ್ನು ದಾಟಿದ್ದೀರಿ. ಹಲ್ಲುಜ್ಜುವ ಪೇಸ್ಟಿನಲ್ಲೂ ಉಜ್ಜುವ ಪುಡಿ ಇರುವುದು ನಿಜ, ಆದರೆ ಅದು ಈ ಕೆಲಸಕ್ಕೆಂದು ಮಾಡಿದ್ದಲ್ಲ.

ಕಾಂಪೌಂಡ್ ಗೀರನ್ನು ತುಂಬುವುದಿಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ. ಅಂದರೆ ಪ್ರತಿ ಸಲ ಉಜ್ಜಿದಾಗಲೂ ಆ ತೆಳು ಪದರದಿಂದ ಒಂದಿಷ್ಟು ಖರ್ಚಾಗುತ್ತದೆ, ಖರ್ಚಾದದ್ದು ವಾಪಸ್ ಬರುವುದಿಲ್ಲ. ಪೂರ್ತಿ ಬಣ್ಣ ಹೊಡೆಸಿದರೂ ಅದು ಮೂಲದ್ದಕ್ಕೆ ಸಮವಾಗದು: ಕಾರ್ಖಾನೆಯಲ್ಲಿ ಬರಿಯ ಬಾಡಿಯನ್ನು ಸುಮಾರು 140 ಡಿಗ್ರಿಯ ಬಿಸಿಯಲ್ಲಿ ಬೇಯಿಸಿ ಮೇಲಿನ ಬಣ್ಣ ಗಟ್ಟಿ ಮಾಡುತ್ತಾರೆ. ವೈರು, ಪ್ಲಾಸ್ಟಿಕ್ ಎಲ್ಲ ಇರುವ ಕಾರನ್ನು ಹೊರಗೆ ಯಾರೂ ಅಷ್ಟು ಕಾಯಿಸಲಾರರು. ಹಾಗಾಗಿ ನಾಲ್ಕು ಮೇಲುಗೀರಿಗೆ ಇಡೀ ಬಾಗಿಲಿನ ಮೂಲ ಬಣ್ಣ ಕೆರೆಸುವುದು ನಷ್ಟದ ವ್ಯಾಪಾರ.

ಕೊಬ್ಬರಿ ಎಣ್ಣೆ ಕೆಲಸ ಮಾಡಿದಂತೆ ಕಾಣುವುದು ನೀರಿನ ಪರೀಕ್ಷೆಯಲ್ಲಿ ಗೀರು ಮಾಯವಾದ ಕಾರಣಕ್ಕೇ. ಗೀರಿನೊಳಗೆ ಕೂತು ಬೆಳಕು ಚದುರದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಜಿಡ್ಡಿಗೆ ಓಣಿಯ ಧೂಳು ಅಂಟುತ್ತದೆ, ಮುಂದಿನ ಸಲ ಒರೆಸುವಾಗ ಆ ಧೂಳೇ ಗೀರುತ್ತದೆ. 24 ಡಿಗ್ರಿಯ ಆಸುಪಾಸಿಗೆ ಈ ಎಣ್ಣೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಗ್ಗೆ ಬಾಗಿಲ ಮೇಲೆ ಬಿಳಿಯ ಪಸೆ ಬೇರೆ.

ಕಾರಿಗೆ ಒಗ್ಗುವ ಜಿಡ್ಡು ತೆಂಗಿನ ಬಳಗದಲ್ಲೇ ಇದೆ, ದೂರದ ನಂಟ. ಬ್ರೆಜಿಲಿನ ಈಶಾನ್ಯದ ಒಣ ಸೀಮೆಯಲ್ಲಿ ಬೆಳೆಯುವ ಕಾರ್ನೌಬಾ ತಾಳೆ ನೀರು ಆರದಂತೆ ತನ್ನ ಗರಿಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಅಲ್ಲಿಯವರು ಗರಿ ಕಡಿದು ಒಣಗಿಸಿ, ಬಡಿದು ಆ ಮೇಣ ಉದುರಿಸುತ್ತಾರೆ. ಅದು ಕರಗಲು 80 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ನಮ್ಮ ಏಪ್ರಿಲ್ ಬಿಸಿಲಿಗೂ ಜಗ್ಗುವುದಿಲ್ಲ. ಅನೇಕ ಕಾರ್ ವ್ಯಾಕ್ಸ್‌ಗಳಲ್ಲಿ ಇರುವುದು ಇದೇ. ಉಜ್ಜಿದ ಜಾಗಕ್ಕೆ ಕೊನೆಯಲ್ಲಿ ತೆಳುವಾಗಿ ಹಚ್ಚಿ, ಆರಿದ ಮೇಲೆ ಒರೆಸಿದರೆ ಹೊಳಪೂ ಬರುತ್ತದೆ, ನೀರೂ ನಿಲ್ಲುವುದಿಲ್ಲ.

ದಿನಾ ಓಣಿಯಲ್ಲಿ ಓಡಾಡುವ ಕಾರಿಗೆ ತಿಂಗಳಿಗೊಮ್ಮೆ ಉಜ್ಜುವ ಹುರುಪು ಬೇಡ. ಕಣ್ಣಿಗೆ ಕುಟುಕುವ ಗೀರುಗಳನ್ನು ವರ್ಷಕ್ಕೊಮ್ಮೆ ತೆಗೆದು, ಉಳಿದವನ್ನು ಬಿಡುವುದೇ ಲೇಸು. ಮಳೆ ನಿಂತ ಮೇಲೆ ಅಕ್ಕಪಕ್ಕದ ತೋಟದವರು ಸೇರಿ ಮಚ್ಚು ಹಿಡಿದು ಬೇಲಿ ಸವರಿದರೆ, ಉಜ್ಜುವ ಕೆಲಸ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಕನ್ನಡಿಯ ಎತ್ತರದ ಕೊಂಬೆಗಳನ್ನು ಮೊದಲು ಕಡಿಯಿರಿ. ಕಡಿದ ಮೊಂಡು ತುದಿ ದಾರಿಗೆ ಮುಖ ಮಾಡದಂತೆ ಬುಡಕ್ಕೇ ಸವರಿ. ಚಿಗುರಿಗಿಂತ ಆ ಮೊಂಡು ತುದಿ ಆಳಕ್ಕೆ ಗೀರುತ್ತದೆ.