ಅಂಕಿತನಾಮವೂ ಆಧಾರ್ ಹೆಸರೂ

ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟ ವರ್ಷವೆಲ್ಲ ನಮ್ಮ ಸೀಮೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. ಈ ಪ್ರವಾಹವನ್ನು ಕೊಡೇಕಲ್ ಬಸವಣ್ಣನವರು ಕಾಲಜ್ಞಾನದಲ್ಲಿ ಆಗಲೇ ನುಡಿದಿದ್ದರು, ಮುಂದೆ ಇಂಥಿಂಥದು ಆಗಲಿದೆ, ಹತ್ತು ಮಂದಿಗೆ ಕಳಿಸಿ ಎಂದು. ಕೊರೊನಾ ಕಾಲದಲ್ಲೂ ಬಂದಿತ್ತು. ಭಾಷೆ ನೋಡಿದರೆ ನಿನ್ನೆ ಮೊನ್ನೆ ಯಾರೋ ಕೂತು ಬರೆದದ್ದೆಂದು ತಿಳಿಯುತ್ತದೆ. ಆದರೂ ಯಾರೂ ಕೇಳುವುದಿಲ್ಲ, ಕೆಳಗೆ ದೊಡ್ಡವರ ಹೆಸರಿದೆಯಲ್ಲ. ಅದೇ ಗುಂಪಿನಲ್ಲಿ ಹೂವಿನ ಹೆಸರಿಟ್ಟುಕೊಂಡ ಹೆಣ್ಣುಮಗಳೊಬ್ಬಳು ಹತ್ತಿ ಬಿಡಿಸುವ ಕೂಲಿಯ ಬಗ್ಗೆ ನಾಲ್ಕು ಸಾಲು ಬರೆದಳು. ಮರುಕ್ಷಣವೇ ಮೂವರು ಎದ್ದರು: "ಮೊದಲು ನಿಮ್ಮ ಖರೇ ಹೆಸರು ಹೇಳ್ರಿ, ಆಮ್ಯಾಲ ಮಾತಾಡ್ರಿ." ಆಕೆ ಗುಂಪು ಬಿಟ್ಟು ಹೋದಳು. ಕಾಲಜ್ಞಾನದ ಸಂದೇಶ ಉಳಿಯಿತು.

ಹೆಸರಿನ ವಿಷಯದಲ್ಲಿ ನಾವು ನಂಬಿಕೊಂಡು ಬಂದಿರುವ ಕೆಲವು ಸಂಗತಿಗಳನ್ನು ಒರೆಗೆ ಹಚ್ಚಬೇಕು ಅನಿಸಿದ್ದು ಆ ದಿನ.

ತಪ್ಪು ಕಲ್ಪನೆ: ಇನ್ನೊಂದು ಹೆಸರಿನಲ್ಲಿ ಬರೆಯುವವರು ಹೊಣೆ ತಪ್ಪಿಸಿಕೊಳ್ಳುವವರು

ಈ ಮಾತನ್ನು ಬೇರೆ ಎಲ್ಲಿಯಾದರೂ ಆಡಬಹುದು, ನಮ್ಮ ಸುರಪುರ ಸೀಮೆಯಲ್ಲಿ ನಿಂತು ಆಡಲಿಕ್ಕಾಗದು. ದೇವರ ದಾಸಿಮಯ್ಯನವರ ಊರು ಮುದನೂರು ಇಲ್ಲಿಯದೇ. ಅವರು ತಮ್ಮ ವಚನಗಳಿಗೆ ಹಾಕಿದ ಅಂಕಿತ ತಮ್ಮ ಹೆಸರಲ್ಲ, ಊರ ದೇವರಾದ ರಾಮನಾಥನ ಹೆಸರು. ಅವರ ಹೆಂಡತಿ ದುಗ್ಗಳೆಯ ಅಂಕಿತ 'ದಾಸಯ್ಯಪ್ರಿಯ ರಾಮನಾಥ'. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂದು ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ಅಂದರೆ ವ್ಯಕ್ತಿಯ ಹೆಸರು ಗೊಂದಲಕ್ಕೆ ಬಿತ್ತು, ಇಟ್ಟುಕೊಂಡ ಅಂಕಿತವೇ ವಚನಗಳನ್ನು ಒಂದು ದಾರಕ್ಕೆ ಪೋಣಿಸಿ ಉಳಿಸಿತು. ವಚನ ಸಂಪುಟಗಳನ್ನು ತೆರೆದರೆ ಅಂಕಿತ ಮಾತ್ರ ತಿಳಿದು ಬರೆದವರ ಹೆಸರೇ ತಿಳಿಯದ ವಚನಕಾರರೂ ಸಿಗುತ್ತಾರೆ. ಅವರ ಮಾತಿನ ತೂಕ ಅದರಿಂದ ಕಡಿಮೆಯಾಗಿಲ್ಲ.

ದಾಸರ ಕಡೆ ಬಂದರೆ ಅಂಕಿತವೆಂಬುದು ಗುರುವಿನಿಂದ ಪಡೆಯಬೇಕಾದ ಹೆಸರು. ಮಾನ್ವಿ ಕಡೆಯ ಶ್ರೀನಿವಾಸಾಚಾರ್ಯರು ಜಗನ್ನಾಥ ವಿಠಲರಾದರು. ಸುರಪುರದ ಆನಂದದಾಸರು ಕಮಲೇಶ ವಿಠಲ ಎಂದು ಹಾಡಿದರು. ಆ ಹೆಸರು ಬಂದ ಮೇಲೆ ಕೀರ್ತನೆಯ ಕೊನೆಗೆ ಬೇರೆ ಹೆಸರು ಇಡುವಂತಿರಲಿಲ್ಲ. ಹೊಸ ಹೆಸರು ಹೊಣೆಯನ್ನು ಹೆಗಲ ಮೇಲೆ ಏರಿಸುತ್ತಿತ್ತು, ಇಳಿಸುತ್ತಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ರಾಮನಾಥ ಅಂಕಿತದವರು ಯಾರೆಂದು ಮುದನೂರಿನವರಿಗೆ ಗೊತ್ತಿತ್ತು, ಅಂಬಿಕಾತನಯದತ್ತರೆಂದರೆ ಬೇಂದ್ರೆಯವರೆಂದು ಧಾರವಾಡಕ್ಕೆ ಗೊತ್ತಿತ್ತು, ಶ್ರೀನಿವಾಸ ಎಂದರೆ ಮಾಸ್ತಿಯವರೆಂದು ನಾಡಿಗೇ ಗೊತ್ತಿತ್ತು. ಮೊಬೈಲಿನ ಹೂವಿನ ಹೆಸರಿನ ಹಿಂದೆ ಯಾರಿದ್ದಾರೆಂದು ಯಾರಿಗೆ ಗೊತ್ತು? ಹಾಗಿದ್ದರೆ ಮುದ್ದಣನನ್ನು ನೆನೆಯೋಣ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ತಾವೇ ಬರೆದ ಕಾವ್ಯಗಳನ್ನು ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. 'ರಾಮಾಶ್ವಮೇಧ' ಅಚ್ಚಾದಾಗ ಓದುಗರಿಗೆ ನಿಜವಾದ ಕರ್ತೃ ಗೊತ್ತಿರಲಿಲ್ಲ. 1901ರಲ್ಲಿ, ಮೂವತ್ತೊಂದರ ವಯಸ್ಸಿಗೆ ಕ್ಷಯದಿಂದ ಅವರು ತೀರಿಕೊಂಡರು. ಹೆಸರು ಗೊತ್ತಿಲ್ಲದೆಯೇ ಕನ್ನಡ ಆ ಗದ್ಯವನ್ನು ಎದೆಗೆ ಅಪ್ಪಿಕೊಂಡಿತ್ತು. ಶಾಲಾ ಮೇಷ್ಟ್ರು ಬರೆದದ್ದೆಂದು ಮೊದಲೇ ತಿಳಿದಿದ್ದರೆ ಓದುತ್ತಿದ್ದರೋ ಇಲ್ಲವೋ ಎಂಬ ಅಳುಕಿನಿಂದಲೇ ಅವರು ಮುಚ್ಚಿಟ್ಟಿರಬೇಕು ಎಂದು ನನಗನಿಸುತ್ತದೆ.

ಗುಂಪಿನಲ್ಲಿ ಒಂದೇ ಹೆಸರಿನಿಂದ ಮೂರು ವರ್ಷ ಬರೆದವರಿಗೆ ಆ ಹೆಸರಿನದೇ ಒಂದು ಮರ್ಯಾದೆ ಬೆಳೆದಿರುತ್ತದೆ. ತಪ್ಪು ಹೇಳಿದರೆ ಕಳೆದುಕೊಳ್ಳುವುದು ಅದನ್ನೇ. ಸಂಶಯ ಪಡಬೇಕಾದದ್ದು ನಿನ್ನೆ ಹುಟ್ಟಿ ಇವತ್ತು ಬೈದು ನಾಳೆ ಅಳಿಸಿಹೋಗುವ ಖಾತೆಯನ್ನು.

ತಪ್ಪು ಕಲ್ಪನೆ: ಎಲ್ಲರಿಗೂ ಒಂದು ನಿಜವಾದ ಹೆಸರಿರುತ್ತದೆ, ಅದನ್ನು ಹಾಕಿದರೆ ಮುಗಿಯಿತು

ನಮ್ಮ ಕಡೆಯ ಒಬ್ಬ ರೈತರ ಕಾಗದಪತ್ರ ತೆಗೆದು ನೋಡಿ. ಶಾಲೆಯ ಟಿ.ಸಿ.ಯಲ್ಲಿ ಬಸಪ್ಪ, ಪಡಿತರ ಚೀಟಿಯಲ್ಲಿ ಬಸವರಾಜ, ಆಧಾರಿನಲ್ಲಿ ದೀರ್ಘ ಬಿಟ್ಟುಹೋದ ಬಸವರಜ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ. ಈ ಮೂವರೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಬ್ಯಾಂಕಿಗೆ ಅಲೆಯುವವರನ್ನು ಕಾಣದ ಊರಿಲ್ಲ. ಇದರಲ್ಲಿ ಖರೇ ಹೆಸರು ಯಾವುದು? 'ಅಡ್ಡಹೆಸರು' ಎಂಬ ಮಾತನ್ನೇ ನೋಡಿ: ಮೈಸೂರು ಕಡೆ ಅದು ಪ್ರೀತಿಗೋ ಛೇಡಿಸಲಿಕ್ಕೋ ಕರೆಯುವ ಹೆಸರು, ನಮ್ಮಲ್ಲಿ ದಾಖಲೆಗೆ ಏರುವ ಮನೆತನದ ಹೆಸರು.

ತಿಂಥಣಿಗೆ ಹೋದರೆ ಒಬ್ಬರೇ ಸಂತರನ್ನು ಕೆಲವರು ಮೌನೇಶ್ವರ ಎನ್ನುತ್ತಾರೆ, ಕೆಲವರು ಮೌನುದ್ದೀನ್ ಎನ್ನುತ್ತಾರೆ. ಅಲ್ಲಿ ಯಾರೂ ಗುರುತಿನ ಚೀಟಿ ಕೇಳಿಲ್ಲ. ಇತ್ತ ಕೊಡೇಕಲ್‌ನಲ್ಲಿ, ಹದಿನಾರನೇ ಶತಮಾನದವರೆಂದು ಎಣಿಸುವ ಬಸವಣ್ಣನವರಿಗೂ ಹನ್ನೆರಡನೇ ಶತಮಾನದ ಕಲ್ಯಾಣದ ಬಸವಣ್ಣನವರಿಗೂ ಹೆಸರು ಒಂದೇ ಆದದ್ದರಿಂದ ದೂರದವರು ಇಬ್ಬರನ್ನೂ ಕಲಸಿಬಿಡುತ್ತಾರೆ. ಅಸಲಿ ಹೆಸರು ಸಿಕ್ಕರೂ ಮನುಷ್ಯ ಸಿಗುತ್ತಾನೆಂಬ ಖಾತ್ರಿಯಿಲ್ಲ.

ಅಮೆರಿಕದ ಕಂಪನಿಗಳು ಈ ಪಾಠವನ್ನು ತಡವಾಗಿ ಕಲಿತವು. ಗೂಗಲ್ ಪ್ಲಸ್ 2011ರಲ್ಲಿ ಶುರುವಾದಾಗ ನಿಜ ಹೆಸರು ಕಡ್ಡಾಯ ಎಂದಿತು, 2014ರಲ್ಲಿ ಆ ನಿಯಮವನ್ನೇ ಕೈಬಿಟ್ಟಿತು.

ತಪ್ಪು ಕಲ್ಪನೆ: ನಿಜ ಹೆಸರು ಕಡ್ಡಾಯ ಮಾಡಿದರೆ ಬೈಗುಳ ನಿಲ್ಲುತ್ತದೆ

ದೇಶವೊಂದು ಇದನ್ನು ಮಾಡಿಯೇ ನೋಡಿದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ತಮ್ಮ ಗುರುತು ದೃಢಪಡಿಸಲೇಬೇಕೆಂದು ಕಾನೂನು ತಂದಿತು. ಕೆಟ್ಟ ಕಾಮೆಂಟುಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಅತ್ತ ಆ ತಾಣಗಳಲ್ಲಿ ರಾಶಿ ಬಿದ್ದ ಗುರುತಿನ ಮಾಹಿತಿ ಕಳ್ಳರಿಗೆ ಕಣಜವಾಯಿತು. 2011ರ ಜುಲೈನಲ್ಲಿ ಒಂದೇ ದಾಳಿಗೆ ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳುವಾಯಿತು. ಮರುವರ್ಷ, 2012ರ ಆಗಸ್ಟ್ 23ರಂದು, ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು.

ಜರ್ಮನಿಯ ಮನವಿ ಸಹಿ ತಾಣವೊಂದರ ಐದು ಲಕ್ಷಕ್ಕೂ ಹೆಚ್ಚು ಕಾಮೆಂಟುಗಳನ್ನು ವಿಶ್ಲೇಷಿಸಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಹೆಸರು ಮುಚ್ಚಿಟ್ಟವರಿಗಿಂತ ಹೆಸರು ಹಾಕಿದವರೇ ಹೆಚ್ಚು ಕಟುವಾಗಿ ಬರೆದಿದ್ದರು. ತಾನು ನ್ಯಾಯದ ಪರ ನಿಂತಿದ್ದೇನೆ ಎಂದು ನಂಬಿದವನಿಗೆ ಹೆಸರು ಕಾಣಿಸುವುದು ಅಂಜಿಕೆಯಲ್ಲ, ಹೆಮ್ಮೆ. ಇದನ್ನು ತಿಳಿಯಲು ಜರ್ಮನಿಗೇ ಹೋಗಬೇಕಿಲ್ಲ, ಚುನಾವಣೆ ಬಂದಾಗ ನಮ್ಮ ತಾಲ್ಲೂಕಿನ ಫೇಸ್‌ಬುಕ್ ಪುಟಗಳನ್ನು ಓದಿದರೆ ಸಾಕು. ಬೈಯುವವರ ಹೆಸರು, ಫೋಟೊ, ಪಕ್ಷದ ಶಾಲು ಎಲ್ಲ ಕಾಣುವಂತೆಯೇ ಇರುತ್ತದೆ.

ಹೆಸರು ಕಡ್ಡಾಯವಾದರೆ ಬಾಯಿ ಕಟ್ಟುವುದು ಬೇರೆಯವರದು. ಉತ್ತರ ಕರ್ನಾಟಕದಲ್ಲಿ ಹೆಸರೆಂಬುದು ಬರೀ ಹೆಸರಲ್ಲ. ಬಡಿಗೇರ, ಕುಂಬಾರ, ಮಡಿವಾಳ, ಹಿರೇಮಠ, ಪಾಟೀಲ, ನಾಯಕ: ಮಾತು ಓದುವ ಮೊದಲೇ ಓದುವವರ ಕಣ್ಣಿಗೆ ಕುಲ ಕಾಣುತ್ತದೆ. ಇವರು ಯಾರ ಪೈಕಿ ಎಂದು ತಿಳಿದ ಮೇಲೆ ಮಾತನ್ನು ತೂಗುವ ಚಟ ನಮಗೆ ಇನ್ನೂ ಹೋಗಿಲ್ಲ. ದಲಿತ ಹುಡುಗನೊಬ್ಬ ಊರ ಹೋಟೆಲಿನ ಬೇರೆ ಲೋಟದ ಬಗ್ಗೆ ಬರೆಯಬೇಕಾದರೆ, ಸೊಸೆಯೊಬ್ಬಳು ತನ್ನ ಮನೆಯ ಹೊಡೆತದ ಬಗ್ಗೆ ಬರೆಯಬೇಕಾದರೆ, ಗುತ್ತಿಗೆ ನೌಕರನೊಬ್ಬ ಮೂರು ತಿಂಗಳಿಂದ ಬಾರದ ಸಂಬಳ ಕೇಳಬೇಕಾದರೆ ಇನ್ನೊಂದು ಹೆಸರೇ ಅವರ ಬಾಗಿಲು. ಹೆಸರು ಹೇಳಿ ಎಂದು ಗದರಿಸುವವರು ಎಷ್ಟೋ ಸಲ ಕೇಳುತ್ತಿರುವುದು, ಯಾರ ಮನೆ ಮುಂದೆ ಹೋಗಿ ನಿಲ್ಲಬೇಕು ಎಂಬುದನ್ನು.

ತಪ್ಪು ಕಲ್ಪನೆ: ಬೇರೆ ಹೆಸರಿನ ಖಾತೆ ತೆರೆಯುವುದೇ ಅಪರಾಧ

ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಶಿಕ್ಷಿಸುವುದು ಇನ್ನೊಬ್ಬರ ವೇಷ ಹಾಕಿ ವಂಚಿಸುವುದನ್ನು. ಅದಕ್ಕೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಕಾವ್ಯನಾಮಕ್ಕೂ ಅದಕ್ಕೂ ಸಂಬಂಧವಿಲ್ಲ. 2021ರ ನಿಯಮಗಳು ದೊಡ್ಡ ಸಾಮಾಜಿಕ ಜಾಲತಾಣಗಳಿಗೆ ಗುರುತು ದೃಢೀಕರಣದ ಸೌಲಭ್ಯ ಇಡಬೇಕೆಂದು ಹೇಳಿವೆಯಾದರೂ ಅದು ಇಷ್ಟವಿದ್ದವರಿಗೆ ಮಾತ್ರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಕನ್ನಡಿಗರು ಮರೆಯಬಾರದು.

ಕಾವ್ಯನಾಮದಲ್ಲಿ ಬರೆದರೆ ಹಕ್ಕು ಹೋಗುತ್ತದೆ ಎಂಬ ಹೆದರಿಕೆಯೂ ಕೆಲವರಿಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಗುಪ್ತನಾಮದ ಕೃತಿಗೂ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಕೊಡುತ್ತದೆ. ನಡುವೆ ಲೇಖಕರು ಯಾರೆಂದು ಬಹಿರಂಗವಾದರೆ ಅವರು ತೀರಿಕೊಂಡ ಮೇಲಿನ 60 ವರ್ಷಕ್ಕೆ ಅದು ಬದಲಾಗುತ್ತದೆ.

ತಪ್ಪು ಕಲ್ಪನೆ: ಹೆಸರು ಬದಲಿಸಿದರೆ ಯಾರೂ ಹಿಡಿಯಲಾರರು

ಹುಡುಗರು ಮೋಸಹೋಗುವುದು ಇದರಲ್ಲೇ. ವಾಟ್ಸ್‌ಆ್ಯಪ್‌ನಲ್ಲಿ 'ಕಿಂಗ್' ಅಂತ ಹೆಸರಿಟ್ಟುಕೊಂಡರೂ ಗುಂಪಿನಲ್ಲಿರುವವರಿಗೆ ಸಾಮಾನ್ಯವಾಗಿ ಮೊಬೈಲ್ ನಂಬರು ಕಾಣುತ್ತದೆ. ಆ ನಂಬರಿನ ಸಿಮ್ ಗುರುತಿನ ದಾಖಲೆ ತೋರಿಸಿ ತಂದದ್ದು. ನಂಬರು ಮುಚ್ಚಿಡುವ ತಾಣಗಳಲ್ಲೂ ಯಾವ ಐಪಿ ವಿಳಾಸದಿಂದ ಯಾವಾಗ ಬಂದಿರಿ ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ, ಪೊಲೀಸರು ಕಾನೂನಿನ ಪ್ರಕಾರ ಅದನ್ನು ಕೇಳಬಹುದು. ಆದ್ದರಿಂದ ಕಾವ್ಯನಾಮವನ್ನು ಸೆರಗಿಗೆ ಹೋಲಿಸಬಹುದು. ನೆರೆಹೊರೆಯ ಕಣ್ಣಿಗೆ ಅದು ಮರೆ, ನ್ಯಾಯಾಲಯದ ಕಣ್ಣಿಗಲ್ಲ. ಬೆದರಿಕೆ ಹಾಕಿದವರನ್ನು ಹುಡುಕಲು ಊರಿಗೆಲ್ಲ ಖರೇ ಹೆಸರು ಗೊತ್ತಿರಬೇಕೆಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ

ಎರವಲು ಹೆಸರಿಗೆ. ಊರ ಮೇಷ್ಟ್ರ ಹೆಸರು, ಮೇಷ್ಟ್ರದೇ ಫೋಟೊ, "ಆಸ್ಪತ್ರ್ಯಾಗದೀನಿ, ಅರ್ಜೆಂಟ್ ಐದು ಸಾವಿರ ಫೋನ್‌ಪೇ ಮಾಡು" ಎಂಬ ಸಂದೇಶ. ಪೊಲೀಸ್ ಅಧಿಕಾರಿಗಳ ಹೆಸರಲ್ಲೂ ಇಂಥ ಖಾತೆಗಳು ಎದ್ದಿವೆ. ಈ ಮೋಸ ನಡೆಯುವುದೇ ಪೂರ್ತಿ ನಿಜವಾದ ಹೆಸರಿನಿಂದ. ನಿಜ ಹೆಸರನ್ನು ಕಂಡ ಕೂಡಲೇ ನಂಬುವ ನಮ್ಮ ರೂಢಿಯೇ ಕಳ್ಳನ ಬಂಡವಾಳ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ನಿಮ್ಮ ಹೆಸರಲ್ಲಿ ಖಾತೆ ಎದ್ದಿದ್ದರೆ ಅದರ ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಇಟ್ಟುಕೊಂಡು ತಾಣಕ್ಕೂ ಪೊಲೀಸರಿಗೂ ದೂರು ಕೊಡಬೇಕು.

ಈ ಎರವಲು ಹಳೆಯ ರೋಗ. ಬಸವಣ್ಣನವರ ಅಂಕಿತವನ್ನು ಕೊನೆಗೆ ಹಚ್ಚಿ ಯಾರು ಯಾರೋ ಬರೆದ ವಚನಗಳನ್ನು ಪ್ರಕ್ಷಿಪ್ತವೆಂದು ಬೇರೆ ಮಾಡಲು ಸಂಪಾದಕರು ವರ್ಷಗಟ್ಟಲೆ ಹಸ್ತಪ್ರತಿಗಳ ಮುಂದೆ ಕೂತಿದ್ದಾರೆ. ಕೊಡೇಕಲ್ ಪರಂಪರೆಯ ಕಾಲಜ್ಞಾನದ ಕಟ್ಟುಗಳು ಅಮರಗನ್ನಡ ಎಂಬ ಬೇರೆಯೇ ಲಿಪಿಯಲ್ಲಿವೆ. ಕನ್ನಡ ಬಲ್ಲವರೆಲ್ಲ ತೆರೆದು ಓದುವಂಥದ್ದಲ್ಲ, ಅದನ್ನು ಕಲಿತವರು ಬೇಕು. ಹೀಗಿರುವಾಗ ಹೊಳೆ ಬಂದ ಮರುದಿನವೇ ಮೊಬೈಲಿಗೆ ಬರುವ ಭವಿಷ್ಯವನ್ನು ಯಾರು, ಯಾವ ಕಟ್ಟಿನಿಂದ, ಯಾವಾಗ ಓದಿ ಬಿಡಿಸಿದರು? ಈ ವರ್ಷ ಗುಂಪಿಗೆ ಅದು ಬಂದಾಗ ನಾನು ಇಷ್ಟನ್ನೇ ಕೇಳಿದೆ. ಕಳಿಸಿದವರು ತಮ್ಮ ಪೂರ್ತಿ ಹೆಸರು, ಫೋಟೊ ಹಾಕಿಕೊಂಡವರು. ಸಂಜೆಯ ಹೊತ್ತಿಗೆ ಸಂದೇಶ ಅಳಿಸಿದ್ದರು. ಹೂವಿನ ಹೆಸರಿನಾಕೆಯನ್ನು ಮತ್ತೆ ಗುಂಪಿಗೆ ಸೇರಿಸಿ ಎಂದು ಅಡ್ಮಿನ್‌ಗೆ ಬರೆದಿದ್ದೇನೆ.