ಮನೆಮಾತಿಗೊಂದು ಕಪಾಟು

ಕಾರವಾರದ ಮೀನುಪೇಟೆಯಲ್ಲಿ ಚೌಕಾಸಿ ಬಹುಪಾಲು ನಡೆಯುವುದು ಕೊಂಕಣಿಯಲ್ಲಿ. ಬಸ್ಸಿನ ಫಲಕ ಓದುವುದು ಕನ್ನಡದಲ್ಲಿ. ಆಡುವ ಮಾತು ಒಂದು, ಓದುವ ಮಾತು ಇನ್ನೊಂದು ಎಂಬುದು ಈ ಊರಿಗೆ ಹೊಸದೇನಲ್ಲ.

ಇದಕ್ಕೆ ಇತಿಹಾಸದ ಕಾರಣವಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರದ ಶಾಲೆಗಳಲ್ಲಿ ಮರಾಠಿ ಬೇರೂರಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಕನ್ನಡ ಕಲಿಕೆ ಬೆಳೆಯಿತು. ಮನೆಮಾತಾದ ಕೊಂಕಣಿ ಮಾತ್ರ ಶಾಲೆಯ ಹೊಸ್ತಿಲಿನಾಚೆಯೇ ನಿಂತಿತು.

ಹಾಗೆಂದು ಭಾಷೆಯ ಅಭಿಮಾನ ಇಲ್ಲಿ ಇರಲಿಲ್ಲವೆಂದಲ್ಲ. ಮೊದಲ ಅಖಿಲ ಭಾರತ ಕೊಂಕಣಿ ಪರಿಷತ್ತು ಸೇರಿದ್ದು 1939ರಲ್ಲಿ, ಇದೇ ಕಾರವಾರದಲ್ಲಿ. ಅದರ ರೂವಾರಿ ಇಲ್ಲಿನ ವಕೀಲ ಮಾಧವ ಮಂಜುನಾಥ ಶಾನಭಾಗ. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆಯೆಂದು ಮನ್ನಿಸಿತು. 1992ರಲ್ಲಿ ಅದು ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. 2007ರಿಂದ ಕರ್ನಾಟಕದ ಶಾಲೆಗಳಲ್ಲಿ ಅದನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯಲು ಅವಕಾಶವಾಯಿತು.

ಆದರೂ ಓದುಗರೇಕೆ ವಿರಳ? ಒಂದು ತೊಡಕು ಲಿಪಿಯದು. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್, ಮಲಯಾಳಂ ಲಿಪಿಗಳಲ್ಲಿ ಬರೆಯುತ್ತಾರೆ. ಮರಾಠಿ ಶಾಲೆಯಲ್ಲಿ ಕಲಿತ ಅಜ್ಜನಿಗೆ ದೇವನಾಗರಿ ಸಲೀಸು, ಮೊಮ್ಮಗಳಿಗೆ ಕನ್ನಡ ಅಕ್ಷರ. ಒಂದೇ ಮನೆಯ ಇಬ್ಬರು ಒಂದೇ ಭಾಷೆಯ ಒಂದೇ ಪುಸ್ತಕವನ್ನು ಓದಲಾರರು.

ಇಲ್ಲಿ ಮಾಲ್ಟಾ ದ್ವೀಪವನ್ನು ನೆನೆಯಬಹುದು. ಅಲ್ಲಿಯ ಮಾಲ್ಟೀಸ್ ಅರಬಿಯ ಬಳಗದ ಭಾಷೆ, ಬರೆಯುವುದು ರೋಮನ್ ಲಿಪಿಯಲ್ಲಿ. ಶತಮಾನಗಳ ಕಾಲ ಇಟಾಲಿಯನ್ ಓದಿನ ಭಾಷೆಯಾಗಿತ್ತು, ಮಾಲ್ಟೀಸ್ ಮನೆಮಾತಷ್ಟೇ. 1920ರ ದಶಕದಲ್ಲಿ ಲೇಖಕರ ಸಂಘವೊಂದು ಅಕ್ಷರಮಾಲೆಯನ್ನು ಗೊತ್ತುಪಡಿಸಿತು. 1934ರಲ್ಲಿ ಅದು ಆಡಳಿತ ಭಾಷೆಯಾಯಿತು, 2004ರಲ್ಲಿ ಐರೋಪ್ಯ ಒಕ್ಕೂಟದ ಭಾಷೆಯೂ ಆಯಿತು. ಆ ದೇಶದ ಜನಸಂಖ್ಯೆ ಸುಮಾರು ಐದು ಲಕ್ಷ. 2011ರ ಜನಗಣತಿಯಂತೆ ಕರ್ನಾಟಕವೊಂದರಲ್ಲೇ ಕೊಂಕಣಿ ಮಾತೃಭಾಷಿಕರು ಏಳೂವರೆ ಲಕ್ಷಕ್ಕೂ ಹೆಚ್ಚು. ಅಂದರೆ ಕೊರತೆ ಜನರದಲ್ಲ, ಪುಸ್ತಕ ಕೈಗೆ ಸಿಗುವ ಜಾಗದ್ದು.

ಆ ಜಾಗ ಗ್ರಂಥಾಲಯವಾಗಬಲ್ಲದು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯೊಂದಿಗೆ ಸಲ್ಲುವ ಗ್ರಂಥಾಲಯ ಕರದಲ್ಲಿ ಕೊಂಕಣಿ ಮನೆಗಳ ಪಾಲೂ ಇದೆ. ಆ ಹಣದಲ್ಲಿ ಅವರ ಭಾಷೆಗೊಂದು ಕಪಾಟು ಕೇಳುವುದು ದಾನ ಬೇಡಿದಂತಲ್ಲ. ಯುನೆಸ್ಕೊದ ಗ್ರಂಥಾಲಯ ಪ್ರಣಾಳಿಕೆಯೂ ಭಾಷಾ ಅಲ್ಪಸಂಖ್ಯಾತರನ್ನು ಮರೆಯಬಾರದೆಂದು ಹೇಳುತ್ತದೆ.

ಮಾಡಬೇಕಾದ್ದು ದುಬಾರಿಯೇನಲ್ಲ. ಒಂದೇ ಕಥೆಯ ಕನ್ನಡ ಲಿಪಿಯ ಪ್ರತಿಯನ್ನೂ ದೇವನಾಗರಿ ಪ್ರತಿಯನ್ನೂ ಅಕ್ಕಪಕ್ಕ ಇಡಬಹುದು. ವಾರಕ್ಕೊಮ್ಮೆ ಹಿರಿಯರಿಂದ ಮಕ್ಕಳಿಗೆ ಗಟ್ಟಿಯಾಗಿ ಓದಿಸಬಹುದು. ಬಾಯಲ್ಲೇ ಉಳಿದ ಗಾದೆ, ಒಗಟು, ಹಾಡುಗಳನ್ನು ಬರೆಸಿ ಕಾಪಿಡಬಹುದು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಆ ಹಾಡುಗಳ ಭಂಡಾರವೆನಿಸಿದ್ದ ಸುಕ್ರಿ ಬೊಮ್ಮಗೌಡ 2025ರಲ್ಲಿ ತೀರಿಕೊಂಡರು. ಅಂಥ ಒಬ್ಬೊಬ್ಬರು ಹೋದಾಗಲೂ ಬರೆದಿಡದ ಒಂದಷ್ಟು ಹಾಡು ಅವರೊಂದಿಗೇ ಹೋಗುತ್ತದೆ.

ಇದರಿಂದ ಕನ್ನಡಕ್ಕೆ ನಷ್ಟವೇ ಎಂಬ ಅಳುಕು ಸಹಜ. ಆದರೆ ಕಲಿಕೆ ಮಾತೃಭಾಷೆಯಲ್ಲಿ ಆರಂಭವಾಗಲೆಂದು ಯುನೆಸ್ಕೊ 1953ರಲ್ಲೇ ಹೇಳಿತ್ತು. ಕನ್ನಡ ಲಿಪಿಯಲ್ಲಿ ಕೊಂಕಣಿ ಕಥೆ ಓದುವ ಮಗು ಕನ್ನಡ ಅಕ್ಷರವನ್ನೇ ಪಳಗಿಸಿಕೊಳ್ಳುತ್ತದೆ.

ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಸಾರಿದ ಸೂತ್ರಗಳಲ್ಲೊಂದು. ಮೀನುಪೇಟೆಯ ಮಾತಿಗೂ ಅದು ಅನ್ವಯಿಸಬೇಕು.