ಅಳಿಸಿದ ಫೈಲು ಎಲ್ಲಿಗೆ ಹೋಗುತ್ತದೆ?

ಪುಸ್ತಕದ ಪರಿವಿಡಿಯ ಹಾಳೆಯನ್ನು ಯಾರೋ ಹರಿದುಹಾಕಿದರು ಎಂದುಕೊಳ್ಳಿ. ಒಳಗಿನ ಪಾಠಗಳು ಮಾಯವಾಗುತ್ತವೆಯೇ? ಇಲ್ಲ. ಯಾವ ಪಾಠ ಎಷ್ಟನೇ ಪುಟದಲ್ಲಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲನ್ನು ಡಿಲೀಟ್ ಮಾಡಿದಾಗಲೂ ಸಾಮಾನ್ಯವಾಗಿ ಆಗುವುದು ಇಷ್ಟೇ. ಅಳಿಸಿಹೋದ ಫೈಲುಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ಆ ಕೆಲಸ ನಡೆಯುತ್ತಿರುವುದೇ ಈ ಗುಟ್ಟಿನ ಮೇಲೆ.

ಈಚೆಗೆ ಕೆಲವು ಮನೆಗಳಲ್ಲಿ, ಫೋಟೋ ಸ್ಟುಡಿಯೋಗಳಲ್ಲಿ ವೈಫೈ ರೂಟರ್ ಪಕ್ಕದಲ್ಲಿ ಪುಟ್ಟ ಪೆಟ್ಟಿಗೆಯೊಂದು ಕಾಣಿಸುತ್ತದೆ. ಅದರ ಹೆಸರು ನಾಸ್. ಮನೆಮಂದಿಯ ಮೊಬೈಲುಗಳಲ್ಲಿರುವ ಫೋಟೋ, ವಿಡಿಯೋಗಳನ್ನೆಲ್ಲ ತುಂಬಿಡುವ ಕಣಜ ಅದು. ಅದರೊಳಗೆ ಎರಡು, ಮೂರು ಅಥವಾ ನಾಲ್ಕು ಡಿಸ್ಕ್‌ಗಳಿರುತ್ತವೆ. ಅವುಗಳನ್ನು ಜೊತೆಗೂಡಿಸುವ ವಿಧಾನವೇ ರೇಡ್. ಒಂದು ದೊಡ್ಡ ದುಬಾರಿ ಡಿಸ್ಕ್‌ಗಿಂತ ಅಗ್ಗದ ಹಲವು ಡಿಸ್ಕ್‌ಗಳ ಕೂಟವೇ ವಾಸಿ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ 1988ರಲ್ಲಿ ಪ್ರಬಂಧವೊಂದರಲ್ಲಿ ವಾದಿಸಿದ್ದರು.

ಒಂದು ಸಣ್ಣ ಲೆಕ್ಕ

ಕೂಟದ ಒಂದು ಡಿಸ್ಕ್ ಕೆಟ್ಟರೆ ಏನು ಗತಿ? ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಮೊದಲ ಡಿಸ್ಕ್‌ನಲ್ಲಿ 7 ಬರೆಯಿರಿ, ಎರಡನೆಯದರಲ್ಲಿ 5. ಮೂರನೆಯದರಲ್ಲಿ ಅವುಗಳ ಮೊತ್ತ 12. ಈಗ ಎರಡನೆಯದು ಕೆಟ್ಟಿತು. 12ರಲ್ಲಿ 7 ಕಳೆಯಿರಿ, ಕಳೆದುಹೋದ 5 ಸಿಕ್ಕಿತು! ರೇಡ್ 5 ಎಂಬ ಬಗೆಯಲ್ಲಿರುವ ಉಪಾಯ ಇಂಥದ್ದೇ. ಯಂತ್ರ ಈ ಲೆಕ್ಕವನ್ನು ಸೊನ್ನೆ ಮತ್ತು ಒಂದರಲ್ಲಿ ಮಾಡುತ್ತದೆ ಅಷ್ಟೇ. ಈ ಲೆಕ್ಕಕ್ಕೂ ಜಾಗ ಬೇಕಲ್ಲ? ಹಾಗಾಗಿ 4 ಟಿಬಿಯ ಮೂರು ಡಿಸ್ಕ್ ಹಾಕಿದರೆ ನಮ್ಮ ಬಳಕೆಗೆ ಸಿಗುವುದು 8 ಟಿಬಿ.

‘ರೇಡ್ ಇದೆಯಲ್ಲ, ಇನ್ನೇನು ಭಯ?’ ಎಂದು ಅನೇಕರು ನೆಮ್ಮದಿಯಾಗಿರುತ್ತಾರೆ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಆದರೆ ನೀವು ಡಿಲೀಟ್ ಒತ್ತಿದರೆ, ಹೇಳಿದ ಮಾತು ಕೇಳುವ ಆಳಿನಂತೆ ಎಲ್ಲ ಡಿಸ್ಕ್‌ಗಳಲ್ಲೂ ತಕ್ಷಣ ಅಳಿಸಿಬಿಡುತ್ತದೆ.

ಅಜ್ಜಿಯ ಫೋಟೋಗಳು

ಕುಟುಂಬವೊಂದು ಇಂಥ ಪೆಟ್ಟಿಗೆ ಹಿಡಿದುಕೊಂಡು ನನ್ನಲ್ಲಿಗೆ ಬಂದಿತ್ತು. ಜಾಗ ಖಾಲಿ ಮಾಡಲು ಹೋಗಿ ಏಳನೇ ತರಗತಿಯ ಹುಡುಗ ಒಂದು ಫೋಲ್ಡರ್ ಅಳಿಸಿದ್ದ. ತೀರಿಕೊಂಡ ಅಜ್ಜಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹುಡುಗ ತಲೆ ಎತ್ತಿರಲಿಲ್ಲ. ಆದರೆ ಅವನು ಒಂದು ಜಾಣತನ ಮಾಡಿದ್ದ. ಗೊತ್ತಾದ ಕೂಡಲೇ ಅಪ್ಪನಿಗೆ ಹೇಳಿ, ಪೆಟ್ಟಿಗೆಯನ್ನು ಆಫ್ ಮಾಡಿಸಿದ್ದ. ಅರ್ಧ ಕೆಲಸ ಅಲ್ಲೇ ಆಗಿತ್ತು. ಏಕೆಂದರೆ ಅಳಿಸಿದ ಜಾಗವನ್ನು ಯಂತ್ರ ‘ಖಾಲಿ’ ಎಂದು ತಿಳಿಯುತ್ತದೆ. ಮನೆಯವರ ಮೊಬೈಲುಗಳು ತಾವಾಗಿಯೇ ಹೊಸ ಫೋಟೋ ಕಳಿಸುತ್ತಿದ್ದರೆ ಅವು ಹಳೆಯದರ ಮೇಲೆಯೇ ಕೂರಬಹುದು. ಹಾಗೆ ಕೂತ ಮೇಲೆ ಯಾರಿಂದಲೂ ಮರಳಿ ತರಲಾಗದು.

ಪೆಟ್ಟಿಗೆಯಲ್ಲಿ ರೀಸೈಕಲ್ ಬಿನ್ ಅಥವಾ ಸ್ನ್ಯಾಪ್‌ಶಾಟ್ ಸೌಲಭ್ಯ ಮೊದಲೇ ಆನ್ ಆಗಿದ್ದಿದ್ದರೆ ಎರಡೇ ನಿಮಿಷದ ಕೆಲಸ. ಅಲ್ಲಿ ಎರಡೂ ಇರಲಿಲ್ಲ. ಡಿಸ್ಕ್‌ಗಳಿಗೆ ಇದ್ದ ಕ್ರಮದಲ್ಲೇ 1, 2, 3 ಎಂದು ಚೀಟಿ ಅಂಟಿಸಿ ಹೊರತೆಗೆದೆ. ರೇಡ್ ಪ್ರತಿ ಫೋಟೋವನ್ನೂ ತುಂಡುತುಂಡಾಗಿ ಹಂಚಿಟ್ಟಿರುತ್ತದೆ. ಕ್ರಮ ತಪ್ಪಿದರೆ ಹರಿದ ಪತ್ರವನ್ನು ಅಡ್ಡಾದಿಡ್ಡಿ ಜೋಡಿಸಿದಂತೆ. ಮೂರಕ್ಕೂ ಪೂರ್ತಿ ನಕಲು ಮಾಡಿಕೊಂಡು, ಮೂಲ ಡಿಸ್ಕ್‌ಗಳನ್ನು ಎತ್ತಿಟ್ಟು, ನಕಲಿನ ಮೇಲಷ್ಟೇ ಕೆಲಸ ಮಾಡಿದೆ.

ಪರಿವಿಡಿಯೇ ಇಲ್ಲದಿದ್ದರೆ ಫೋಟೋವನ್ನು ಗುರುತಿಸುವುದು ಹೇಗೆ? ಜೆಪೆಗ್ ಚಿತ್ರಗಳೆಲ್ಲ ಒಂದೇ ಬಗೆಯ ಸಂಕೇತದಿಂದ ಆರಂಭವಾಗುತ್ತವೆ. ತಂತ್ರಾಂಶ ಡಿಸ್ಕ್‌ನ ಉದ್ದಕ್ಕೂ ಆ ಸಂಕೇತವನ್ನೇ ಹುಡುಕುತ್ತದೆ. ಹೆಚ್ಚಿನ ಫೋಟೋಗಳು ಬಂದವು. ಕೆಲವು ಅರ್ಧ ಮಾತ್ರ ಬಂದವು, ಉಳಿದರ್ಧ ಬರೀ ಬೂದು ಬಣ್ಣ. ಹೆಸರುಗಳಂತೂ ಹೋಗಿದ್ದವು, ಎಲ್ಲದಕ್ಕೂ ಅಂಕಿಗಳೇ. ಯಾವುದು ಯಾರ ಮದುವೆ, ಯಾವ ಊರಿನ ಜಾತ್ರೆ ಎಂದು ಹೇಳಲು ಯಾವ ತಂತ್ರಾಂಶಕ್ಕೂ ಬಾರದು. ಅಜ್ಜನೇ ಮೊಮ್ಮಗನ ಪಕ್ಕ ಕೂತು ಒಂದೊಂದಕ್ಕೂ ಹೆಸರು ಹೇಳಿ ಬರೆಸಿದರು.

ಇನ್ನೊಂದು ಕಡೆ ಇನ್ನೊಂದು ಪ್ರತಿ

ದೊಡ್ಡವರಿಗೂ ಹೀಗಾಗಿದೆ. 1998ರಲ್ಲಿ ಪಿಕ್ಸರ್ ಸಂಸ್ಥೆ ‘ಟಾಯ್ ಸ್ಟೋರಿ 2’ ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ಒಂದು ಆದೇಶದಿಂದ ಚಿತ್ರದ ಫೈಲುಗಳು ಅಳಿಸುತ್ತ ಹೋದವು. ಬ್ಯಾಕಪ್ ಕೂಡ ಕೈಕೊಟ್ಟಿತು. ಪುಟ್ಟ ಮಗುವಿದ್ದ ಕಾರಣ ಮನೆಯಿಂದಲೂ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದರಿಂದ ಚಿತ್ರ ಉಳಿಯಿತು.

ನಾನು ಎಲ್ಲರಿಗೂ ಹೇಳುವುದು ಇದನ್ನೇ: ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ಎಸ್‌ಎಸ್‌ಡಿ ಬಳಸುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಅಳಿಸಿದ್ದು ಬಹುಬೇಗ ನಿಜವಾಗಿಯೇ ಹೋಗಿಬಿಡುತ್ತದೆ.

ಮಕ್ಕಳೇ, ಏನಾದರೂ ಅಳಿಸಿಹೋದರೆ ಮುಚ್ಚಿಡಬೇಡಿ, ಕೂಡಲೇ ಹೇಳಿ. ಅಜ್ಜ ಅಜ್ಜಿಯರೇ, ಹಾಗೆ ಬಂದು ಹೇಳಿದ ಮಗುವನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಅದು ಹೇಳುವುದು ತಡವಾಗುತ್ತದೆ, ಅಷ್ಟರಲ್ಲಿ ಆ ಜಾಗದಲ್ಲಿ ಹೊಸದೇನೋ ಬಂದು ಕೂತಿರುತ್ತದೆ.